ಮಾಗಿಗೋ, ಹಸ್ತಕ್ಕೋ? ದುರ್ಗದ ಕಡೆ ಹಣ್ಣಿನ ಗಿಡ ಸವರುವ ಹೊತ್ತನ್ನು ಆರಿಸುವುದು

ಡಿಸೆಂಬರ್ ಎರಡನೇ ವಾರ ಬಂತೆಂದರೆ ನಮ್ಮ ಹಿರಿಯೂರು ಸೀಮೆಯಲ್ಲಿ ಬೆಳಗಿನ ಹೊತ್ತು ಡ್ರಿಪ್ ಪೈಪಿನ ಮೇಲೆ ಇಬ್ಬನಿ ಸಾಲುಗಟ್ಟಿ ಕೂತಿರುತ್ತದೆ. ಆಗಲೇ ಫೋನು ಶುರು. "ಅಣ್ಣ, ಮಾಗಿ ಬಂತಲ್ಲ, ಕಟಿಂಗ್ ಮಾಡಿಸಿಬಿಡ್ಲಾ?" ಕೇಳುವವರಲ್ಲಿ ಹೆಚ್ಚಿನವರು ಈಚೆಗೆ ತೋಟ ಕಟ್ಟಿದವರು. ಅವರು ಮೊಬೈಲಿನಲ್ಲಿ ಹಿಮಾಚಲದ ಸೇಬಿನ ತೋಟ ನೋಡಿರುತ್ತಾರೆ. ಅಲ್ಲಿ ಚಳಿಗೆ ಎಲೆಯೆಲ್ಲ ಉದುರಿ, ಗಿಡ ನಿದ್ದೆಗೆ ಜಾರಿದ ಮೇಲೆ ಕತ್ತರಿ ಹಿಡಿಯುತ್ತಾರೆ. ಸೇಬಿಗೆ ಅದೇ ಸರಿ. ನಮ್ಮ ದಾಳಿಂಬೆ, ಮಾವು, ಸೀಬೆಗಳು ಮಾತ್ರ ಚಳಿಗೆ ಮಲಗುವ ಗಿಡಗಳಲ್ಲ. ನಮ್ಮ ಕಡೆ ದಾಳಿಂಬೆಯನ್ನು ಮಲಗಿಸುವುದೂ ನೀರು, ಎಬ್ಬಿಸುವುದೂ ನೀರು. ಹಾಗಾಗಿ ಫೋನ್ ಮಾಡಿದವರಿಗೆಲ್ಲ ಮೊದಲು ಒಂದೇ ಮಾತು ಕೇಳುತ್ತೇನೆ: "ಏಪ್ರಿಲ್‌ನಲ್ಲಿ ನಿಮ್ಮ ಬೋರು ಎಷ್ಟು ನೀರು ಕೊಡುತ್ತೆ?"

ಚಳಿಗಾಲದ ಕಟಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಏಟಿಗೆ ಹೇಳಲು ಬರುವುದಿಲ್ಲ. ಯಾವ ಗಿಡ, ಎಷ್ಟು ನೀರು, ಹಿಂದಿನ ವರ್ಷ ರೋಗ ಇತ್ತೋ ಇಲ್ಲವೋ, ಮೂರನ್ನೂ ಕೂಡಿಸಿಯೇ ನೋಡಬೇಕು.

ಮಾಗಿಯಲ್ಲಿ ಯಾವ ಗಿಡ ಮುಟ್ಟಬಹುದು

ಮಾವಿನಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ನಷ್ಟ ನೋಡಿರುವುದು ಅಲ್ಲೇ. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ನವೆಂಬರ್, ಡಿಸೆಂಬರ್ ಹೊತ್ತಿಗೆ ಆ ತುದಿಯ ಮೊಗ್ಗಿನೊಳಗೆ ಹೂವಿನ ತಯಾರಿ ನಡೆದಿರುತ್ತದೆ. ಆಗ ಗಿಡ ಚೆಂದ ಕಾಣಲಿ ಎಂದು ತುದಿ ಸವರಿದರೆ ಆ ವರ್ಷದ ಫಸಲನ್ನೇ ಕತ್ತರಿಸಿ ಕೆಳಗೆ ಹಾಕಿದಂತೆ. ಮಾವಿಗೆ ಕತ್ತರಿ ಹಣ್ಣು ಕಿತ್ತ ಕೂಡಲೇ, ಜೂನ್ ಕೊನೆಯಿಂದ ಆಗಸ್ಟ್ ಒಳಗೆ. ನಡುವಿನ ಒಂದೆರಡು ದಪ್ಪ ಕೊಂಬೆ ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡಿದರೆ, ಮಳೆಗೆ ಬಂದ ಚಿಗುರು ಮಾಗಿಯ ಹೊತ್ತಿಗೆ ಬಲಿತು ಹೂವಿಗೆ ಸಿದ್ಧವಾಗುತ್ತದೆ. ಮಾಗಿಯಲ್ಲಿ ಒಣಗಿದ ಕೊಂಬೆ, ಬಂದಳಿಕೆ ಹಿಡಿದ ಕೊಂಬೆ ಇಷ್ಟನ್ನು ಮಾತ್ರ ತೆಗೆಯಿರಿ.

ಸೀಬೆ ಇದಕ್ಕೆ ತಿರುಗುಮುರುಗು. ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ ಅದು, ಯಾವಾಗ ಸವರಿದರೂ ಏನಾದರೂ ಕೊಡುತ್ತದೆ. ಆದರೆ ರುಚಿಯಾದ, ಹುಳು ಕಡಿಮೆ ಇರುವ ಹಣ್ಣು ಬರುವುದು ಚಳಿಗಾಲದಲ್ಲಿ. ಆ ಹಣ್ಣು ಬೇಕೆಂದರೆ ಬೇಸಿಗೆಯಲ್ಲಿ, ಅಂದರೆ ಏಪ್ರಿಲ್-ಮೇನಲ್ಲಿ ಸವರಬೇಕು. ಡಿಸೆಂಬರ್‌ನಲ್ಲಿ ಗಿಡದ ತುಂಬ ಕಾಯಿ ಇರುವಾಗ ಕತ್ತರಿಗೆ ಕೆಲಸವಿಲ್ಲ.

ಸಪೋಟಕ್ಕೆ ಸವರುವಿಕೆ ಬೇಡವೆಂದರೂ ನಡೆಯುತ್ತದೆ. ಒಂದನ್ನು ಮಾತ್ರ ಮರೆಯಬೇಡಿ: ಕಸಿಗಂಟಿನ ಕೆಳಗಿಂದ ಬರುವ ಚಿಗುರು ಕಿರಣಿ ಗಿಡದ್ದು, ಸಪೋಟದ್ದಲ್ಲ. ಅದು ಕಂಡಾಗೆಲ್ಲ ಕಿತ್ತುಹಾಕಿ. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಎರೆಯುವ ಎಲಚಿಗೆ, ಅದೇ ಬೋರೆಗೆ, ಹಣ್ಣು ಮುಗಿದು ಎಲೆ ಉದುರುವ ಬೇಸಿಗೆಯಲ್ಲಿ ಗಟ್ಟಿ ಕತ್ತರಿಯೇ ಬೇಕು. ಮಾಗಿಯಲ್ಲಿ ಅದು ಹಣ್ಣು ಹೊತ್ತಿರುತ್ತದೆ.

ಸೀತಾಫಲ ಒಂದೇ ಸ್ವಲ್ಪ ಸೇಬಿನ ದಾರಿಯದು. ಚಳಿ ಕಳೆಯುವಾಗ ತಾನೇ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಫೆಬ್ರುವರಿಯಲ್ಲಿ, ಹೊಸ ಚಿಗುರು ಒಡೆಯುವ ಮುನ್ನ, ಹಗುರಾಗಿ ಸವರಿದರೆ ಆಯಿತು.

ಉಳಿದದ್ದು ದಾಳಿಂಬೆ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯವರಿಗೆ, ಆಚೆ ದಾವಣಗೆರೆ ಜಿಲ್ಲೆಯ ಜಗಳೂರಿನವರಿಗೂ, ನಿಜವಾದ ಇಕ್ಕಟ್ಟು ಬರುವುದು ಇಲ್ಲಿ. ಈ ಗಿಡಕ್ಕೆ ವರ್ಷದಲ್ಲಿ ಮೂರು ಬಾರಿ ಹೂ ಬಿಡುವ ಶಕ್ತಿ ಇದೆ. ಯಾವುದಾದರೂ ಒಂದನ್ನು ನಾವು ಆರಿಸಬೇಕು. ಮೂರನ್ನೂ ಆಸೆಪಟ್ಟರೆ ಗಿಡ ನಾಲ್ಕು ವರ್ಷಕ್ಕೇ ಮುದಿಯಾಗುತ್ತದೆ.

ಮೂರು ಬಹಾರ್, ಮೂರು ಲೆಕ್ಕ

ನೀರು ನಿಲ್ಲಿಸಿ ಗಿಡ ಬಾಡಿಸಿ, ಎಲೆ ಉದುರಿಸಿ, ಚಾಟ್ನಿ (ಅಂದರೆ ಕಟಿಂಗ್) ಮಾಡಿ, ಗೊಬ್ಬರ ಕೊಟ್ಟು, ಮತ್ತೆ ನೀರು ಬಿಟ್ಟು ಹೂ ಹಿಡಿಸುವುದಕ್ಕೆ ನಾವೆಲ್ಲ 'ಬಹಾರ್ ಹಿಡಿಯುವುದು' ಅನ್ನುತ್ತೇವೆ. ಹೆಸರು ಬೇರೆ ಕಡೆಯಿಂದ ಬಂದರೂ ಎರಡರಲ್ಲಿ ನಮ್ಮ ಮಳೆ ನಕ್ಷತ್ರವೇ ಇದೆ: ಮೃಗ ಎಂದರೆ ಮೃಗಶಿರ ಮಳೆ, ಹಸ್ತ ಎಂದರೆ ಹಸ್ತದ ಮಳೆ. ಅಂಬೆ ಎಂದರೆ ಮಾವು ಹೂ ಬಿಡುವ ಕಾಲ.

ಅಂಬೆ ಬಹಾರ್‌ಗೆ ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಜನವರಿಯಲ್ಲಿ ಚಾಟ್ನಿ. ಚಳಿಗಾಲದ ಕಟಿಂಗ್ ಅಂತ ನಮ್ಮಲ್ಲಿ ಏನಾದರೂ ಇದ್ದರೆ ಅದು ಇದೇ. ಇದರ ದೊಡ್ಡ ಅನುಕೂಲ, ಗಿಡ ಹೇಳಿದ ಮಾತು ಕೇಳುತ್ತದೆ. ಆಕಾಶದಿಂದ ನೀರು ಬೀಳುವ ಭಯ ಕಡಿಮೆ, ಆದ್ದರಿಂದ ಬಾಡಿಸುವುದು ಸಲೀಸು. ಕೆಂಪು ಜಲ್ಲಿ ಮಣ್ಣಿನಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು, ಎರೆ ಮಣ್ಣಿನಲ್ಲಿ ಒಂದೂವರೆ ಎರಡು ತಿಂಗಳು ನೀರು ಕಟ್ಟಿದರೆ ಎಲೆ ತಾನಾಗಿ ಹಳದಿಗೆ ತಿರುಗುತ್ತದೆ. ಗಾಯ ಒಣ ಹವೆಯಲ್ಲಿ ಬೇಗ ಮಾಯುತ್ತದೆ. ಹೂ ಒಟ್ಟಿಗೇ ಬರುತ್ತದೆ, ಒಳ್ಳೆಯ ಹೂವಿನ ಪಾಲೂ ಹೆಚ್ಚು. ಹೂವಿನ ಬುಡ ನೋಡಿ ತಿಳಿಯಬಹುದು: ಚೊಂಬಿನ ಹಾಗೆ ಉಬ್ಬಿದ್ದರೆ ಕಾಯಿ ಕಟ್ಟುತ್ತದೆ, ಗಂಟೆಯ ಹಾಗೆ ಬುಡ ಸಣ್ಣಗಿದ್ದರೆ ಉದುರಿಹೋಗುತ್ತದೆ.

ಆದರೆ ಕಾಯಿ ದಪ್ಪವಾಗುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಬೋರು ಬಾಯಿ ಬಿಡುವ ತಿಂಗಳುಗಳೂ ಅವೇ. ಪಡುವಣ ಬಿಸಿಲು ಬಡಿಯುವ ಕಡೆ ಕಾಯಿ ಸುಟ್ಟು ಕಂದು ಮಚ್ಚೆ ಬೀಳುತ್ತದೆ. ಬಟ್ಟೆ ಹೊದಿಸುವ ಖರ್ಚು ಬೇರೆ. ಜುಲೈ-ಆಗಸ್ಟ್‌ನಲ್ಲಿ ಕೊಯ್ಲು, ಆಗ ಮಾರುಕಟ್ಟೆಗೆ ಎಲ್ಲರ ಹಣ್ಣೂ ಬರುತ್ತದೆ.

ಇಲ್ಲಿ ಒಂದು ಲೆಕ್ಕ ಹಾಕಿ, ಕಾಗದ ಪೆನ್ನು ಹಿಡಿದೇ ಹಾಕಿ. ಹದಿನೈದು ಅಡಿ ಸಾಲು, ಹತ್ತು ಅಡಿ ಗಿಡದ ಅಂತರವಾದರೆ ಎಕರೆಗೆ ಸುಮಾರು 290 ಗಿಡ. 300 ಅಂತಲೇ ಇಟ್ಟುಕೊಳ್ಳೋಣ. ಕಡು ಬೇಸಿಗೆಯಲ್ಲಿ ಕಾಯಿ ಹೊತ್ತ ದೊಡ್ಡ ಗಿಡಕ್ಕೆ ದಿನಕ್ಕೆ 40 ಲೀಟರ್ ಎಂದು ಹಿಡಿದರೆ ಎಕರೆಗೆ 12,000 ಲೀಟರ್. ಈಗ ಬೋರಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತು ನೋಡಿ. ನಾಲ್ಕು ನಿಮಿಷವಾದರೆ ಗಂಟೆಗೆ 3,000 ಲೀಟರ್. ತ್ರೀಫೇಸ್ ಕರೆಂಟು 7 ಗಂಟೆ ಸಿಕ್ಕರೆ ದಿನಕ್ಕೆ 21,000 ಲೀಟರ್. ಅಂದರೆ ಒಂದು ಮುಕ್ಕಾಲು ಎಕರೆಗೆ ಸರಿಹೋಗುತ್ತದೆ. ಮೂರು ಎಕರೆ ಇಟ್ಟುಕೊಂಡು ಈ ನೀರನ್ನು ನಂಬಿ ಜನವರಿಯಲ್ಲಿ ಚಾಟ್ನಿ ಮಾಡಿಸಿದರೆ ಮೇ ತಿಂಗಳಲ್ಲಿ ಟ್ಯಾಂಕರ್ ಹಿಂದೆ ಓಡಬೇಕಾಗುತ್ತದೆ. ಡ್ರಮ್ಮಿನ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಮಾಡಿ ಸಮಾಧಾನಪಡಬೇಡಿ. ಹೋದ ಏಪ್ರಿಲ್‌ನಲ್ಲಿ ಎಷ್ಟಿತ್ತು ಅನ್ನುವುದೇ ಲೆಕ್ಕ.

ಮೃಗ ಬಹಾರ್‌ನಲ್ಲಿ ಈ ತಲೆನೋವು ಇಲ್ಲ. ಬೇಸಿಗೆಯಲ್ಲಿ ಗಿಡ ತಾನಾಗಿ ಬಾಡುತ್ತದೆ, ಮೇ ಕೊನೆಗೆ ಚಾಟ್ನಿ, ಮೃಗಶಿರ ಮಳೆಗೆ ಹೂ, ಡಿಸೆಂಬರ್-ಜನವರಿಗೆ ಹಣ್ಣು. ಚಳಿಯಲ್ಲಿ ಮಾಗುವ ಕಾಳಿಗೆ ಒಳ್ಳೆಯ ಕೆಂಪು ಬರುತ್ತದೆ. ನೀರಿನ ಖರ್ಚು ಕಡಿಮೆ ಅಂತ ನಮ್ಮ ದೊಡ್ಡಪ್ಪ ಹತ್ತು ವರ್ಷ ಇದನ್ನೇ ಹಿಡಿದರು. ಆದರೆ ನಮ್ಮ ಜಿಲ್ಲೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಕಾಯಿ ನಿಂಬೆಯ ಗಾತ್ರ ದಾಟಿ ದಪ್ಪವಾಗುವ ಹೊತ್ತಿನಲ್ಲಿ. ದುಂಡಾಣು ಅಂಗಮಾರಿ ರೋಗಕ್ಕೆ ಬೇಕಾದದ್ದು ಅದೇ: ಬೆಚ್ಚಗಿನ ಹವೆ, ಒದ್ದೆ ಎಲೆ, ಗಾಳಿ ಮಳೆಗೆ ಸಿಡಿಯುವ ಹನಿ. ಮೊದಲು ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ, ಆಮೇಲೆ ಕಾಯಿಯ ಮೇಲೆ ಕಪ್ಪು ಮಚ್ಚೆ, ಅದರ ನಡುವೆ ಕವಲು ಬಿರುಕು. ಒಮ್ಮೆ ಕಾಯಿ ಬಿರಿದರೆ ವ್ಯಾಪಾರಿ ಕೈಗೂ ತೆಗೆದುಕೊಳ್ಳುವುದಿಲ್ಲ. ಕಾಯಿ ಕೊರೆಯುವ ಹುಳುವಿನ ಕಾಟವೂ ಮಳೆಗಾಲದ ಬೆಳೆಗೇ ಹೆಚ್ಚು.

ಹಸ್ತ ಬಹಾರ್‌ಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಚಾಟ್ನಿ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಹಣ್ಣು. ಅಂಗಮಾರಿ ಬಂದು ಹೋದ ತೋಟಕ್ಕೆ ಇದೇ ಒಳ್ಳೆಯದೆಂದು ತಿಳಿದವರು ಹೇಳುವುದು ಸರಿಯಾಗಿಯೇ ಇದೆ, ಯಾಕೆಂದರೆ ಕಾಯಿ ಬೆಳೆಯುವ ಅಷ್ಟೂ ಕಾಲ ಒಣ ಹವೆ. ಪೇಟೆಗೆ ಹಣ್ಣು ಕಡಿಮೆ ಬರುವ ತಿಂಗಳುಗಳಲ್ಲಿ ನಮ್ಮ ಹಣ್ಣು ಹೋಗುತ್ತದೆ. ಕಡು ಬೇಸಿಗೆ ಬರುವ ಹೊತ್ತಿಗೆ ಗಿಡ ಹೊರೆ ಇಳಿಸಿಕೊಂಡಿರುತ್ತದೆ.

ಇದರ ಕಷ್ಟವೆಲ್ಲ ಶುರುವಿನಲ್ಲೇ. ಮಳೆಗಾಲದಲ್ಲಿ ಗಿಡ ಬಾಡಿಸುವುದು ಹೇಗೆ? ಡ್ರಿಪ್ ನಿಲ್ಲಿಸಿದರೂ ಮೇಲಿಂದ ಹುಬ್ಬೆ, ಉತ್ತರೆ ಮಳೆ ಬರುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ. ಆಗ ಎಥ್ರೆಲ್ ಹೊಡೆದು ಎಲೆ ಉದುರಿಸಬೇಕು: ಲೀಟರಿಗೆ 1ರಿಂದ 2 ಮಿಲಿ, ಜತೆಗೆ 5 ಗ್ರಾಂ ಡಿಎಪಿ. ಗಿಡ ಅರೆಬರೆ ಬಾಡಿದ್ದರೆ ಕಡಿಮೆ ಪ್ರಮಾಣ ಸಾಕು, ಹೆಚ್ಚಾದರೆ ಎಳೆ ರೆಂಬೆಯೇ ಒಣಗಿ ಬರುತ್ತದೆ. ಹೂವು ಕೂಡ ಅಂಬೆಯಷ್ಟು ಒಟ್ಟಿಗೆ ಬರುವುದಿಲ್ಲ, ಎರಡು ಮೂರು ಕಂತಿನಲ್ಲಿ ಬರುತ್ತದೆ. ಚಳಿಗೆ ಕಾಯಿ ದಪ್ಪವಾಗುವುದೂ ನಿಧಾನ.

ನನ್ನ ತೀರ್ಮಾನ ಹೀಗಿದೆ. ಏಪ್ರಿಲ್‌ನಲ್ಲೂ ಬತ್ತದ ಬೋರು ಅಥವಾ ತುಂಬಿದ ಕೃಷಿ ಹೊಂಡ ಇದ್ದು, ತೋಟದಲ್ಲಿ ಅಂಗಮಾರಿಯ ಗುರುತೇ ಇಲ್ಲದಿದ್ದರೆ ಅಂಬೆ ಹಿಡಿಯಿರಿ; ಹೊಸಬರಿಗೆ ಅದೇ ಸುಲಭ. ನೀರು ಮಧ್ಯಮ, ಅಥವಾ ರೋಗ ಒಮ್ಮೆ ಕಂಡಿದೆ ಅನ್ನುವವರಿಗೆ ಹಸ್ತ. ಆದರೆ ಹಸ್ತದ ಮಳೆಯಲ್ಲೇ ಕತ್ತರಿ ಹಿಡಿಯಬೇಡಿ, ಚಿತ್ತ ಮಳೆ ಒಂದು ಸುತ್ತು ಸುರಿದು ಹೋಗಲಿ. ಹಣ್ಣು ಎರಡು ವಾರ ತಡವಾದರೂ ಗಾಯ ಒಣಗಿದ ಗಿಡ ಕೈಗೆ ಸಿಗುತ್ತದೆ. ಮೃಗವನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ. ಮಳೆ ತೀರಾ ಕಡಿಮೆ ಇರುವ ಮೊಳಕಾಲ್ಮುರು, ಚಳ್ಳಕೆರೆಯ ಒಣ ಭಾಗದಲ್ಲಿ, ಅಕ್ಕಪಕ್ಕ ದಾಳಿಂಬೆಯೇ ಇಲ್ಲದ ಒಂಟಿ ತೋಟವಾದರೆ ಮಾತ್ರ ಯೋಚಿಸಬಹುದು.

ಯಾವುದನ್ನೇ ಹಿಡಿದರೂ ಕೊಯ್ಲಿನ ನಂತರ ಮೂರು ತಿಂಗಳಾದರೂ ಗಿಡಕ್ಕೆ ಬಿಡುವು ಕೊಡಿ. ಒಂದು ಬಹಾರ್‌ನಿಂದ ಇನ್ನೊಂದಕ್ಕೆ ಹೋಗುವವರು ಈ ಬಿಡುವನ್ನು ಉದ್ದ ಮಾಡಿ ದಾಟಬೇಕೇ ಹೊರತು, ಮಧ್ಯೆ ಒಂದು ಬೆಳೆ ತುರುಕಬಾರದು.

ಎಷ್ಟು ಕತ್ತರಿಸುವುದು: ಗಟ್ಟಿಯೋ ಹಗುರವೋ

ಇದರಲ್ಲಿ ಎರಡು ಪಂಗಡ ಇದೆ. ಬಹಾರ್ ಹಿಡಿಯುವಾಗಲೇ ಎಲ್ಲವನ್ನೂ ಒಟ್ಟಿಗೆ ಕಡಿಯುವವರು ಒಂದು ಕಡೆ. ಹಣ್ಣು ಕಿತ್ತ ಕೂಡಲೇ ದೊಡ್ಡ ಕೆಲಸ ಮುಗಿಸಿ, ಬಹಾರ್ ಹೊತ್ತಿಗೆ ತುದಿ ಮಾತ್ರ ಮುಟ್ಟುವವರು ಇನ್ನೊಂದು ಕಡೆ. ನಾನು ಎರಡನೆಯವರ ಪೈಕಿ. ದಾಳಿಂಬೆಯ ಹಣ್ಣು ನಿಲ್ಲುವುದು ಬಲಿತ ರೆಂಬೆಯ ಪಕ್ಕದಿಂದ ಬರುವ ಗಿಡ್ಡ ಚಿಗುರುಗಳಲ್ಲಿ. ಆ ರೆಂಬೆ ಮೂರು ನಾಲ್ಕು ವರ್ಷ ಫಲ ಕೊಡುತ್ತದೆ. ಜನವರಿಯಲ್ಲಿ ಅದನ್ನು ಗಟ್ಟಿಯಾಗಿ ಕಡಿದರೆ ಗಿಡ ಹೂವನ್ನು ಬಿಟ್ಟು ಎಲೆಗೆ ಓಡುತ್ತದೆ. ನೇರ ಆಕಾಶಕ್ಕೆ ನುಗ್ಗುವ ವಾಟರ್ ಶೂಟ್‌ಗಳಷ್ಟೇ ಸಿಗುತ್ತವೆ.

ಕೊಯ್ಲಾದ ಮೇಲೆ ತೆಗೆಯಬೇಕಾದದ್ದು: ಒಣಗಿದ್ದು, ರೋಗದ್ದು, ಒಂದರ ಮೇಲೊಂದು ಹಾಯ್ದದ್ದು, ಗಿಡದ ನಡುವೆ ನೇರ ಎದ್ದದ್ದು, ಬುಡದ ಮರಿಗಳು. ಬಹಾರ್ ಹೊತ್ತಿಗೆ ತುದಿಯಿಂದ ಹತ್ತು ಹದಿನೈದು ಸೆಂಟಿಮೀಟರ್ ಸಾಕು. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೆ ಕೈಯಳತೆ ಒಂದಿದೆ: ರೆಂಬೆ ಶಾಲೆಯ ಪೆನ್ಸಿಲ್ ದಪ್ಪ ಬಂದ ಕಡೆ. ಅದಕ್ಕಿಂತ ತೆಳುವಾದರೆ ಕಾಯಿಯ ಭಾರಕ್ಕೆ ಬಾಗಿ ನೆಲ ಮುಟ್ಟುತ್ತದೆ.

ಒಂದು ಕೊಯ್ತವನ್ನು ಹತ್ತಿರದಿಂದ ನೋಡೋಣ. ಎಡಗೈಯಲ್ಲಿ ರೆಂಬೆ ಹಿಡಿಯಿರಿ, ಮುಳ್ಳು ತಪ್ಪಿಸಿ. ಹೊರಮುಖವಾಗಿರುವ ಒಂದು ಕಣ್ಣನ್ನು, ಅಂದರೆ ಚಿಗುರು ಒಡೆಯುವ ಮೊಗ್ಗನ್ನು, ಹುಡುಕಿ. ಒಳಮುಖದ್ದಾದರೆ ಚಿಗುರು ಗಿಡದ ಹೊಟ್ಟೆಯೊಳಗೇ ನುಗ್ಗುತ್ತದೆ. ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು, ಕಣ್ಣಿನ ಆಚೆ ಬದಿಗೆ ಇಳಿಜಾರಾಗುವಂತೆ ಕತ್ತರಿಸಿ. ಹನಿ ಬಿದ್ದರೆ ಕಣ್ಣಿನ ಮೇಲೆ ನಿಲ್ಲದೆ ಜಾರಬೇಕು. ಕೊಯ್ದ ಮುಖ ನುಣುಪಾಗಿ, ಸುತ್ತ ತಿಳಿ ಹಸಿರು ಉಂಗುರ ಕಾಣಬೇಕು. ತೊಗಟೆ ಸಿಗಿದು ನಾರು ನೇತಾಡುತ್ತಿದ್ದರೆ ಕತ್ತರಿ ಮೊಂಡಾಗಿದೆ, ಅಲ್ಲೇ ನಿಲ್ಲಿಸಿ ಮಸೆಯಿರಿ. ದಪ್ಪ ಕೊಂಬೆಯನ್ನು ಗೂಟ ಉಳಿಯದಂತೆ ಬುಡಕ್ಕೆ ತೆಗೆಯಿರಿ; ಉಳಿದ ಗೂಟ ಒಣಗಿ ಕೊರಕ ಹುಳುವಿಗೆ ಮನೆಯಾಗುತ್ತದೆ.

ಕಾಂಡದ ವಿಚಾರ ಬಂದರೆ, ಒಂದೇ ಕಾಂಡ ಬಿಟ್ಟ ಗಿಡದಲ್ಲಿ ಉಳುಮೆ, ಔಷಧಿ ಹೊಡೆಯುವುದು ಸುಲಭ. ಆದರೂ ನಮ್ಮ ಕಡೆ ಮೂರು ನಾಲ್ಕು ಕಾಂಡವೇ ಕ್ಷೇಮ. ಕಾಂಡಕ್ಕೆ ಕೊರಕ ಬಿದ್ದರೆ ಒಂದು ಹೋದರೂ ಮೂರು ಉಳಿಯುತ್ತವೆ.

ಯಾರ ಕೈಲಿ, ಯಾರ ಕತ್ತರಿಯಲ್ಲಿ

ಗುತ್ತಿಗೆ ತಂಡ ಕರೆಸಿದರೆ ಗಿಡಕ್ಕೆ ಇಷ್ಟು ಎಂದು ಮಾತಾಡಿ ಎರಡು ದಿನದಲ್ಲಿ ಮುಗಿಸಿ ಹೋಗುತ್ತಾರೆ. ಊರಿನ ಆಳುಗಳನ್ನೇ ದಿನಗೂಲಿಗೆ ಕರೆದರೆ ವಾರ ಹಿಡಿಯುತ್ತದೆ. ಕೈ ಚಳಕದಲ್ಲಿ ತಂಡದವರೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ತೋಟಕ್ಕೆ ಅಂಗಮಾರಿ ಬಂದದ್ದು ಆ ದಾರಿಯಲ್ಲೇ.

2022ರ ಮೇ ತಿಂಗಳು. ಮೃಗಕ್ಕೆ ಹಿಡಿಯೋಣ ಎಂದು ತಂಡ ಕರೆಸಿದ್ದೆ. ಅವರು ಹಿಂದಿನ ದಿನ ಇನ್ನೊಂದು ತೋಟ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದರು. ಕತ್ತರಿಯ ಬಾಯಿಗೆ ಹಳೆಯ ಸೊನೆ ಕಪ್ಪಗೆ ಅಂಟಿತ್ತು. ಪಕ್ಕದ ತೋಟದ ಮಾವ ಬದುವಿನ ಮೇಲೆ ನಿಂತು, "ಲೋ, ಆ ಕತ್ರಿ ಒಂದ್ಸಲ ತೊಳ್ಸಪ್ಪ" ಅಂದರು. "ಆಯ್ತು ಮಾವ, ಮಧ್ಯಾಹ್ನ ತೊಳ್ಸುತೀನಿ" ಅಂದೆ. ಮಧ್ಯಾಹ್ನಕ್ಕೆ ಅರ್ಧ ತೋಟ ಮುಗಿದಿತ್ತು. ಆ ವರ್ಷ ಮಳೆ ಹೇಗೆ ಹುಯ್ಯಿತು ಅನ್ನುವುದು ನಮ್ಮ ಸೀಮೆಯವರಿಗೆ ಗೊತ್ತು: 1933ರ ನಂತರ ಮೊದಲ ಸಲ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದ ವರ್ಷ. ಊರೆಲ್ಲ ವೇದಾವತಿ ನೋಡಲು ಹೋಗಿದ್ದಾಗ ನಾನು ಬುಟ್ಟಿ ಹಿಡಿದು ಬಿರಿದ ಕಾಯಿ ಆರಿಸುತ್ತಿದ್ದೆ. ಅರ್ಧ ತೋಟದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳಿಗ್ಗೆ ಸವರಿದ ಸಾಲುಗಳಲ್ಲೇ ಚುಕ್ಕೆ ಮೊದಲು ಬಂದದ್ದು.

ಆದ್ದರಿಂದ ಈಗ ತಂಡ ಯಾವುದೇ ಇರಲಿ, ಕತ್ತರಿ ನಮ್ಮದು. ಆಳಿಗೆ ಎರಡು ಕತ್ತರಿ, ಸಾಲಿನ ಜತೆ ಸಾಗುವ ಒಂದು ಬಕೆಟ್, ಅದರಲ್ಲಿ 2.5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಒಂದು ಗಿಡ ಮುಗಿಸಿ ಕತ್ತರಿ ಬಕೆಟ್ಟಿಗೆ, ಇನ್ನೊಂದು ಕೈಗೆ. ಕೆಲಸ ಸ್ವಲ್ಪ ನಿಧಾನವಾಗುತ್ತದೆ ಎಂದು ಗುತ್ತಿಗೆಯವರು ಗೊಣಗುತ್ತಾರೆ, ಗಿಡಕ್ಕೆ ಸ್ವಲ್ಪ ಹೆಚ್ಚಿಗೆ ಕೊಟ್ಟು ಒಪ್ಪಿಸಿ. ರೋಗದ ಗುರುತಿರುವ ಗಿಡಕ್ಕೆ ಮೊದಲೇ ಬಟ್ಟೆ ಕಟ್ಟಿ, ಅವುಗಳನ್ನು ಕೊನೆಯ ದಿನ ಸವರಿಸಿ. ಅಂಥ ಗಿಡದಲ್ಲಿ ಕಪ್ಪು ಗಂಟಿನಿಂದ ಎರಡು ಇಂಚು ಕೆಳಗೆ, ಒಳ್ಳೆಯ ಮರ ಸಿಗುವವರೆಗೆ ಹೋಗಿ. ಸವರಿದ ಕಡ್ಡಿಯನ್ನು ಬದುವಿಗೆ ಒಟ್ಟಬೇಡಿ, ಅಂದೇ ಹೊರಗೆ ಸಾಗಿಸಿ ಸುಡಿ.

ಸಂಜೆಯೊಳಗೆ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ಹತ್ತು ಲೀಟರ್ ನೀರು. ಇವೆರಡನ್ನೇ ನೂರು ಲೀಟರಿಗೆ ಕಲಸಿದರೆ ಶೇಕಡಾ ಒಂದರ ದ್ರಾವಣ, ಅದನ್ನು ಮಾರನೇ ದಿನ ಇಡೀ ಗಿಡಕ್ಕೆ ಸಿಂಪಡಿಸಿ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿಯೇ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವೊಂದನ್ನು ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಏನೂ ಅಂಟದಿದ್ದರೆ ಹದವಾಗಿದೆ. ಕಲಸಿದ್ದನ್ನು ಅಂದೇ ಮುಗಿಸಿ, ನಾಳೆಗೆ ಅದರ ಕಸುವು ಉಳಿಯುವುದಿಲ್ಲ.

ಸಂಶಯ ಬಂದರೆ ಕೊಂಬೆಯೊಂದನ್ನು ಚೀಲದಲ್ಲಿ ಕಟ್ಟಿಕೊಂಡು ನಮ್ಮವರು ಹಿರಿಯೂರಿನ ಬಬ್ಬೂರು ಫಾರಂಗೆ, ದಾವಣಗೆರೆ ಕಡೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಕತ್ತರಿ ಹಿಡಿಯುವ ಮೊದಲೇ ಹೋಗಿ.

ಈ ವರ್ಷ ನನ್ನ ಮೂರು ಎಕರೆಯನ್ನು ಇಬ್ಭಾಗ ಮಾಡಿದ್ದೇನೆ. ಬೋರಿನ ಹತ್ತಿರದ ಒಂದೂವರೆ ಎಕರೆ ಹೊಸ ಗಿಡ, ರೋಗ ಕಂಡಿಲ್ಲ. ಅದಕ್ಕೆ ನೀರು ನಿಲ್ಲಿಸಿ ಇಪ್ಪತ್ತು ದಿನವಾಯಿತು, ಸಂಕ್ರಾಂತಿ ಕಳೆದ ಮೇಲೆ ಚಾಟ್ನಿ. ಕೆಳಗಿನ ಹಳೆಯ ಒಂದೂವರೆ ಎಕರೆಯನ್ನು ಚಿತ್ತ ಮಳೆ ಹೋದ ಮೇಲೆ ಸವರಿಸಿದ್ದೆ. ಎರಡನೇ ಕಂತಿನ ಹೂ ಈಗ ಅರಳುತ್ತಿದೆ, ಮೊದಲ ಕಂತಿನದು ಗೋಲಿ ಗಾತ್ರದ ಕಾಯಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಸಾಲಿನಲ್ಲಿ ನಡೆದು, ಎಲೆ ತಿರುಗಿಸಿ ಬೆಳಕಿಗೆ ಹಿಡಿದು ನೋಡುತ್ತೇನೆ. ಇವತ್ತಿನವರೆಗೆ ಎಣ್ಣೆ ಚುಕ್ಕೆ ಒಂದೂ ಸಿಕ್ಕಿಲ್ಲ.